ಕಲಗಚ್ಚು ಕುಡಿದ ಕುದುರೆ

2024ರ ದೀಪಾವಳಿಯ ಸಮಯ. ಪಶುಸಂಗೋಪನಾ ಇಲಾಖೆಯಿಂದ ನಿವೃತ್ತಳಾಗಿ ಆಗ ನನಗೆ ಎರಡು ವರ್ಷವಾಗಿತ್ತು. ಕಾಡುಗೋಡಿಯಲ್ಲಿ, ಮೆಟ್ರೋದ ಕೊನೆಯ ನಿಲ್ದಾಣದಿಂದ ಸ್ವಲ್ಪ ಒಳಗೆ, ಒಂದು ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದೆ. ಬರುವ ರೋಗಿಗಳಲ್ಲಿ ಹೆಚ್ಚಿನವು ಅಪಾರ್ಟ್‌ಮೆಂಟಿನ ನಾಯಿಗಳು, ಉಳಿದವು ಬೆಕ್ಕುಗಳು. ಜೀವಮಾನವೆಲ್ಲ ಹಸು, ಎಮ್ಮೆ, ಕುರಿಗಳ ನಡುವೆ ಕಳೆದವಳಿಗೆ ಏಸಿ ಕೋಣೆಯಲ್ಲಿ ಬೆಳೆದ ಹಿಮನಾಡಿನ ನಾಯಿಯ ಮೈಕೂದಲಿನ ಬಗ್ಗೆ ಸಲಹೆ ಕೊಡುವುದು ಮೊದಮೊದಲು ನಗು ತರಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಇಲಾಖೆಯಲ್ಲಿದ್ದಾಗ ಆರು ವರ್ಷ ನಿಯೋಜನೆಯ ಮೇಲೆ ಒಂದು ಕುದುರೆ ಫಾರಂನಲ್ಲಿ ಕೆಲಸ ಮಾಡಿದ್ದೆ. ಅಲ್ಲಿಂದ ಬಂದ ಮೇಲೆ ಈ ಭಾಗದಲ್ಲಿ ಯಾರ ಮನೆಯ ಕುದುರೆ ಕುಂಟಿದರೂ ಸುತ್ತಿ ಬಳಸಿ ಫೋನು ನನಗೇ ಬರುತ್ತಿತ್ತು. ಕುದುರೆಯ ಕಾಲು ನನಗೆ ಚೆನ್ನಾಗಿ ಗೊತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹೇಳುವಾಗ ಸ್ವಲ್ಪ ಜಂಬ ಬಂದರೆ ಬರಲಿ ಬಿಡಿ, ಮೂವತ್ತು ವರ್ಷ ಒದೆಸಿಕೊಂಡು ಕಲಿತದ್ದು.

ಆ ವರ್ಷ ದೀಪಾವಳಿ ಮತ್ತು ರಾಜ್ಯೋತ್ಸವ ಅಕ್ಕಪಕ್ಕ ಬಂದು, ಗುರುವಾರದಿಂದ ಭಾನುವಾರದವರೆಗೆ ಸಾಲು ರಜೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಫೋನು ಬಂತು. ಮಾತಾಡಿದವನ ಹೆಸರು ಮಂಜುನಾಥ. ಕಾಡುಗೋಡಿಯವನೇ, ತಾಯಿಯ ಜತೆ ಸೇರಿ ಪಿ.ಜಿ. ನಡೆಸುತ್ತಾನೆ.

“ಮೇಡಂ, ನಮ್ಮ ಕುದುರೆಗೆ ಲಕ್ವಾ ಹೊಡೆದ್ಬಿಟ್ಟಿದೆ. ನಿಂತಲ್ಲಿಂದ ಅಲ್ಲಾಡ್ತಾ ಇಲ್ಲ. ಅಮ್ಮ ಅಳ್ತಾ ಕೂತಿದಾರೆ, ಸ್ವಲ್ಪ ಬೇಗ ಬರ್ತೀರಾ?”

ಹೋದೆ. ನಾಲ್ಕು ಮಹಡಿಯ ಕಟ್ಟಡ. ಕೆಳಗೆ ಅಡುಗೆಮನೆ, ಊಟದ ಹಾಲ್. ಮೇಲೆ ಅರವತ್ತು ಮಂದಿ ಐ.ಟಿ. ಹುಡುಗರು. ಹಿಂದೆ ಕಾಂಕ್ರೀಟ್ ಹಾಕಿದ ಅಂಗಳ, ಅಲ್ಲಿ ಸಾಲಾಗಿ ಬೈಕುಗಳು. ಬೈಕುಗಳ ಕೊನೆಯಲ್ಲಿ ತಗಡಿನ ಚಪ್ಪರ, ಅದರ ಕೆಳಗೆ ಕಂದು ಬಣ್ಣದ ಒಂದು ಪೋನಿ. ಪೋನಿ ಎಂದರೆ ಮರಿ ಕುದುರೆಯಲ್ಲ, ಗಿಡ್ಡ ಜಾತಿಯ ಕುದುರೆ. ವಯಸ್ಸಾದರೂ ಅಷ್ಟೇ ಎತ್ತರ. ಇದಕ್ಕೆ ಹತ್ತು ವರ್ಷದ ಮೇಲಾಗಿತ್ತು. ಹೆಸರು ಗುಂಡ. ಹೆಸರಿಗೆ ತಕ್ಕ ಹಾಗೆ ಮೈ. ಹಣೆಗೆ ಅರಿಶಿನ ಕುಂಕುಮ, ಕೊರಳಲ್ಲಿ ಬಾಡಿದ ಚೆಂಡುಹೂವಿನ ಹಾರ.

ಪಕ್ಕದಲ್ಲಿ ನೆಲಕ್ಕೆ ಕುಕ್ಕರಿಸಿದ್ದ ಮಂಜುನಾಥನ ತಾಯಿ ಜಯಮ್ಮ ನನ್ನನ್ನು ಕಂಡು ಎದ್ದರು. ಅರವತ್ತರ ಹತ್ತಿರದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಆ ಜಾಗದಲ್ಲಿ ಮೊದಲು ಇದ್ದದ್ದು ಅವರ ಕೊಟ್ಟಿಗೆ. ಕಟ್ಟಡ ಏಳುವಾಗ ಐದು ಹಸುಗಳನ್ನು ನೆಂಟರ ಊರಿಗೆ ಕಳಿಸಬೇಕಾಯಿತಂತೆ. ಹಸು ಹೋದ ಮೇಲೆ ಅಂಗಳ ನೋಡಲಾಗದೆ ಕೂತಿದ್ದಾಗ, ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಸವಾರಿ ಕೊಡಿಸುತ್ತಿದ್ದವನೊಬ್ಬ ಆ ಕೆಲಸ ಬಿಟ್ಟು ಊರಿಗೆ ಹೊರಟಿದ್ದ. ಅವನ ಕುದುರೆ ಇವರ ಮನೆಗೆ ಬಂತು. ಬಂದಾಗ ಎಲುಬು ಚಕ್ಕಳವಾಗಿತ್ತು ಎಂದು ಬೀದಿಯವರೆಲ್ಲ ಹೇಳುತ್ತಾರೆ. ಅದನ್ನು ಗುಂಡನನ್ನಾಗಿ ಮಾಡಿದ್ದು ಜಯಮ್ಮನ ಕೈ.

“ನೋಡಿ ಡಾಕ್ಟ್ರಮ್ಮ, ಯಾವ್ ಪಾಪಿ ಕಣ್ಣೋ ಏನೋ. ನೆನ್ನೆ ಪೂಜೆ ಮಾಡೋವಾಗ ಚೆನ್ನಾಗಿದ್ದ. ಸಾಯಂಕಾಲಕ್ಕೆ ಇಂಗಾಗ್ಬುಟ್ಟ” ಎಂದರು.

ಮುಟ್ಟುವ ಮೊದಲೇ ನನಗೆ ಅರ್ಧ ತಿಳಿದಿತ್ತು. ಗುಂಡ ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿಗೆ ಹಾಕಿ, ಹಿಂದಕ್ಕೆ ವಾಲಿಕೊಂಡು ನಿಂತಿದ್ದ. ಲಕ್ವಾ ಹೊಡೆದ ಪ್ರಾಣಿ ಹಾಗೆ ನಿಲ್ಲುವುದಿಲ್ಲ. ಕೆಂಡದ ಮೇಲೆ ಕಾಲಿಟ್ಟ ಪ್ರಾಣಿ ಹಾಗೆ ನಿಲ್ಲುತ್ತದೆ. ಗೊರಸು ಮುಟ್ಟಿದೆ, ಬಿಸಿ. ಗೊರಸಿನ ಮೇಲೆ, ಗಂಟಿನ ಹಿಂದೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರೋಗ್ಯವಾಗಿರುವ ಕುದುರೆಯಲ್ಲಿ ಅದನ್ನು ಹುಡುಕಬೇಕು. ಗುಂಡನಲ್ಲಿ ಅದು ಬೆರಳನ್ನು ತಳ್ಳುತ್ತಿತ್ತು. ಹಗ್ಗ ಹಿಡಿದು ಒಂದು ಸುತ್ತು ತಿರುಗಿಸಲು ನೋಡಿದೆ. ತಿರುಗಲಿಲ್ಲ, ತುಟಿ ಬಿಗಿದು ನಡುಗಿದ. ಕುದುರೆ ಕಂಡರೆ ಕಾಲುನೋವು ಎಂದು ಗಾದೆ. ಇಲ್ಲಿ ಕಾಲುನೋವು ಕುದುರೆಗೇ ಬಂದಿತ್ತು.

ಈ ರೋಗದ ಹೆಸರು ಲ್ಯಾಮಿನೈಟಿಸ್. ಮೂಳೆ ಜಾರುವ ಹಂತಕ್ಕೆ ಹೋದರೆ ಹಳಬರು ಫೌಂಡರ್ ಎನ್ನುತ್ತಾರೆ. ವೈಟ್‌ಫೀಲ್ಡಿನಲ್ಲಿ ಫೌಂಡರ್ ಅಂದರೆ ಕಂಪನಿ ಕಟ್ಟಿದವನು ಎಂದೇ ಎಲ್ಲರೂ ತಿಳಿಯುವುದರಿಂದ ನಾನು ಆ ಪದದ ಗೋಜಿಗೆ ಹೋಗುವುದಿಲ್ಲ. ಓದುಗರಿಗೆ ವಿಷಯ ಮಾತ್ರ ಹೇಳುತ್ತೇನೆ. ನಮ್ಮ ಉಗುರು ಬೆರಳಿಗೆ ಅಂಟಿಕೊಂಡಿರುವ ಹಾಗೆ ಕುದುರೆಯ ಗೊರಸು ಒಳಗಿನ ಪಾದದ ಮೂಳೆಗೆ ಅಂಟಿಕೊಂಡಿರುತ್ತದೆ. ಅಂಟಿಸಿ ಹಿಡಿಯುವ ತೆಳು ಪದರಗಳಿಗೆ ಲ್ಯಾಮಿನೆ ಎಂದು ಹೆಸರು. ಕುದುರೆಯ ಇಡೀ ಭಾರ ಈ ಪದರಗಳಿಂದ ತೂಗುಬಿದ್ದಿರುತ್ತದೆ. ಅವು ಊದಿಕೊಂಡರೆ ನಮ್ಮ ಉಗುರಿನ ಸಂದಿಯಲ್ಲಿ ಕೀವಾದಷ್ಟು ನೋವು, ಅದೂ ಅದರ ಮೇಲೇ ನಿಲ್ಲಬೇಕು. ಅವು ಬಿಟ್ಟುಕೊಂಡರೆ ಮೂಳೆ ಕೆಳಮುಖವಾಗಿ ತಿರುಗುತ್ತದೆ. ತಿರುಗುತ್ತಾ ಹೋದರೆ ಅಂಗಾಲನ್ನು ತೂತು ಮಾಡಿ ಹೊರಗೆ ಬರುತ್ತದೆ. ಅಲ್ಲಿಗೆ ಹೆಚ್ಚುಕಡಿಮೆ ಕಥೆ ಮುಗಿದ ಹಾಗೆ.

“ಏನು ತಿನ್ನಿಸಿದಿರಿ?” ಎಂದು ಕೇಳಿದೆ.

ಜಯಮ್ಮನ ಮುಖ ಒಂದು ಗಳಿಗೆ ಅರಳಿತು. “ತಿನ್ನೋಕೇನ್ ಕಮ್ಮಿ ಇಲ್ಲ ಡಾಕ್ಟ್ರಮ್ಮ. ಮೂರೊತ್ತೂ ಕಲಗಚ್ಚು ಹಾಕ್ತೀನಿ. ಅಬ್ಬ ಅಂತ ಎಲ್ಡು ಬಕೆಟ್ ಜಾಸ್ತೀನೇ ಹಾಕಿವ್ನಿ” ಎಂದು ಚಪ್ಪರದ ಮೂಲೆಯ ನೀಲಿ ಡ್ರಮ್ಮು ತೋರಿಸಿದರು.

ಕಲಗಚ್ಚು ಎಂದರೆ ಹಸು ಕಟ್ಟಿದ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಕ್ಕಿ ತೊಳೆದ ನೀರು, ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲ ಒಂದು ಪಾತ್ರೆಗೆ ಸೇರಿ ಸಂಜೆ ಹಸುವಿನ ಮುಂದೆ ಹೋಗುತ್ತಿತ್ತು. ಅನ್ನ ಬಿಸಾಕಬಾರದು ಎಂಬ ನಿಯಮವೂ ನಡೆಯಿತು, ಹಸುವಿನ ಹೊಟ್ಟೆಯೂ ತುಂಬಿತು. ಆರು ಜನರ ಮನೆಯ ಕಲಗಚ್ಚಿಗೆ ಐದು ಹಸು ಇದ್ದಾಗ ಯಾರಿಗೂ ತೊಂದರೆಯಿಲ್ಲ. ಈಗ ಅರವತ್ತು ಮಂದಿಯ ಅಡುಗೆಮನೆಗೆ ಒಂದೇ ಒಂದು ಗಿಡ್ಡ ಕುದುರೆ.

ಅದರ ಮೇಲೆ ಈ ಸಾಲು ರಜೆ. ಹುಡುಗರು ಬುಧವಾರವೇ ಬ್ಯಾಗು ಹೆಗಲಿಗೇರಿಸಿ ಊರಿಗೆ ಹೋಗಿದ್ದರು. ಅಡುಗೆಯವನಿಗೆ ಹೇಳಿ ಹೋಗುವ ಪದ್ಧತಿ ಪಿ.ಜಿ.ಯಲ್ಲಿಲ್ಲ. ಗುರುವಾರ ಹಬ್ಬದ ಅಡುಗೆ ಅರವತ್ತು ಜನಕ್ಕೆ ಆಗಿತ್ತು. ಹೋಳಿಗೆ, ಚಿತ್ರಾನ್ನ, ಪಾಯಸ. ಉಂಡವರು ಹತ್ತು ಹನ್ನೆರಡು ಮಂದಿ. ಬೀದಿಯಲ್ಲಿ ಹಂಚಿ ಮಿಕ್ಕಿದ್ದು ಗುಂಡನಿಗೆ. ಶುಕ್ರವಾರ ಲದ್ದಿ ತೆಳ್ಳಗಾಗಿದೆ, ಹಬ್ಬದೂಟ ಅಲ್ಲವೇ ಎಂದು ಬಿಟ್ಟಿದ್ದಾರೆ. ಶನಿವಾರ ಬಲಿಪಾಡ್ಯಮಿ. ಪ್ರತಿವರ್ಷ ಹಸುಗಳಿಗೆ ಪೂಜೆ ಮಾಡುತ್ತಿದ್ದ ಕೈ ಸುಮ್ಮನಿರದೆ ಗುಂಡನಿಗೇ ಅರಿಶಿನ ಕುಂಕುಮ ಇಟ್ಟು, ಆರತಿ ಎತ್ತಿ, ಒಂದು ಮೊರ ಅಕ್ಕಿಬೆಲ್ಲ ತಿನ್ನಿಸಿದೆ.

ಹಸು ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯೇ ಬೇರೆ. ಅದಕ್ಕೂ ಅತಿಯಾದರೆ ಕಷ್ಟವೇ. ಕುದುರೆಯ ಹೊಟ್ಟೆ ಚಿಕ್ಕದು. ಅನ್ನ, ಹಿಟ್ಟು, ಬೆಲ್ಲ ಒಟ್ಟಿಗೆ ಬಿದ್ದರೆ ಅಲ್ಲಿ ಪೂರ್ತಿ ಜೀರ್ಣವಾಗದೆ ಹಿಂದಿನ ದೊಡ್ಡ ಕರುಳಿಗೆ ನುಗ್ಗಿ ಹುಳಿಯುತ್ತದೆ. ಆ ಹುಳಿಯಲ್ಲಿ ಹುಟ್ಟುವ ವಿಷ ರಕ್ತಕ್ಕೆ ಸೇರಿ ಪಾದದ ಪದರಗಳನ್ನು ಕೆಡಿಸುತ್ತದೆ. ತಿಂದದ್ದು ಬಾಯಿ, ಪೆಟ್ಟು ಬಿದ್ದದ್ದು ಕಾಲಿಗೆ. ಜೊತೆಗೆ ಗುಂಡ ಮೊದಲೇ ಬೊಜ್ಜಿನ ಪ್ರಾಣಿ. ಟೇಪು ಹಿಡಿದು ಅಂದಾಜು ಮಾಡಿದರೆ ಇನ್ನೂರ ಮೂವತ್ತು ಕೆ.ಜಿ. ಬಂತು. ಅವನ ಎತ್ತರಕ್ಕೆ ನೂರ ಎಂಬತ್ತು ಸಾಕಾಗಿತ್ತು. ಬೊಜ್ಜಿನ ಪೋನಿಗೆ ಮನುಷ್ಯರ ಸಕ್ಕರೆ ಕಾಯಿಲೆಯ ಹಾಗೆಯೇ ಇನ್ಸುಲಿನ್ ತೊಂದರೆ ಇರುತ್ತದೆ. ಅಂಥವನ್ನು ಈ ರೋಗ ಹುಡುಕಿಕೊಂಡು ಬರುತ್ತದೆ.

ಇದನ್ನೆಲ್ಲ ಸರಳವಾಗಿ ಹೇಳಿದೆ. ಜಯಮ್ಮ ನಂಬಲಿಲ್ಲ. “ಊಟ ಆಕಿದ್ದಕ್ಕೆ ಕಾಲೋಯ್ತದಾ? ಉಪವಾಸ ಕೆಡವಿದ್ರೆ ಓಗೋದು ಕೇಳಿವ್ನಿ” ಎಂದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾನು ಮಾತಿನಲ್ಲಿ ಅಷ್ಟು ಜಾಣೆಯಲ್ಲ. “ಜಯಮ್ಮನವರೇ, ಇವನಿಗೆ ಇನ್ನೊಂದು ಬಕೆಟ್ ಹಾಕಿದರೆ ನೀವೇ ಕೈಯಾರೆ ಕೊಂದ ಹಾಗೆ” ಎಂದುಬಿಟ್ಟೆ. ಮಂಜುನಾಥ ನೀಲಿ ಡ್ರಮ್ಮನ್ನು ಉರುಳಿಸಿಕೊಂಡು ಹೊರಗೆ ಹೋದ.

ಮೊದಲ ಕೆಲಸ ನೋವಿನ ಇಂಜೆಕ್ಷನ್, ಎರಡನೆಯದು ಐಸು. ಕಾಲನ್ನು ಗೊರಸಿನಿಂದ ಮೊಣಕಾಲಿನ ಕೆಳಗಿನವರೆಗೆ ಮಂಜಿನ ನೀರಿನಲ್ಲಿ ಮುಳುಗಿಸಿಟ್ಟರೆ ಊತಕ್ಕೆ ತಡೆ ಬೀಳುತ್ತದೆ. ಕುಂಟು ಕಾಣುವ ಮೊದಲೇ ಇಟ್ಟರೆ ಬಹಳ ಒಳ್ಳೆಯದು. ನಮಗೆ ತಡವಾಗಿತ್ತು, ಆದರೂ ಮಾಡುವುದನ್ನು ಮಾಡಲೇಬೇಕು. ಹಬ್ಬದ ಭಾನುವಾರ ಅಷ್ಟು ಐಸು ಸಿಕ್ಕಿದ್ದು ಮೀನಿನ ಅಂಗಡಿಯಲ್ಲಿ. ಪೇಂಟಿನ ಖಾಲಿ ಬಕೆಟ್ಟು ಎರಡನ್ನು ತೊಳೆದು, ಒಂದೊಂದರಲ್ಲಿ ಒಂದೊಂದು ಕಾಲಿಡಿಸಿ, ಐಸು ಸುರಿದೆವು. ಇಡೀ ಅಂಗಳ ಬಂಗುಡೆ ಮೀನಿನ ವಾಸನೆ. ಹಬ್ಬ ಮುಗಿಸಿ ಊರಿಂದ ಬಂದಿಳಿದ ಹುಡುಗರು ಮೂಗು ಮುಚ್ಚಿಕೊಂಡು ಬಂದು, ಕುದುರೆಯನ್ನು ನೋಡಿ, ಮೂಗಿನಿಂದ ಕೈ ತೆಗೆದು ಐಸು ಹೊರಲು ನಿಂತರು.

ಇನ್ನು ನಿಲ್ಲುವ ನೆಲ. ಕಾಂಕ್ರೀಟಿನ ಮೇಲೆ ಇಂಥ ಕುದುರೆಯನ್ನು ನಿಲ್ಲಿಸುವುದು ಮುರಿದ ಕಾಲಿಗೆ ಹೊಡೆದ ಹಾಗೆ. ಈ ಭಾಗದಲ್ಲಿ ಮರಳಿಗೆ ಬರವಿಲ್ಲ. ನಾಲ್ಕು ಮನೆಗೊಂದು ಕಟ್ಟಡ ಏಳುತ್ತಿರುತ್ತದೆ. ಚಪ್ಪರದ ಕೆಳಗೆ ಒಂದಡಿ ದಪ್ಪ ಮರಳು ಹಾಸಿದೆವು. ಹೊಸ ಫ್ರಿಜ್ಜಿನ ಜತೆ ಬಂದಿದ್ದ ಥರ್ಮೋಕೋಲನ್ನು ಗೊರಸಿನ ಅಳತೆಗೆ ಕತ್ತರಿಸಿ, ಅಂಗಾಲಿಗಿಟ್ಟು ಟೇಪು ಸುತ್ತಿದೆ. ಭಾರ ಬಿದ್ದಾಗ ಅದು ಅಮುಕಿಕೊಂಡು ಇಡೀ ಅಂಗಾಲಿಗೆ ಆಸರೆಯಾಗುತ್ತದೆ. ಪಟ್ಟಿ ಕಟ್ಟಿ ಕಾಲು ಕೆಳಗಿಟ್ಟಾಗ ಗುಂಡ ಮೊದಲ ಸಲ ಉಸಿರು ಬಿಟ್ಟ. ಜಯಮ್ಮ ಅವನ ಕತ್ತಿಗೆ ಹಣೆ ಒತ್ತಿ ನಿಂತುಬಿಟ್ಟರು.

ಆ ವಾರದ ಕೊನೆಗೆ, ಕುದುರೆಗಳನ್ನೇ ನೋಡುವ ಒಬ್ಬ ಕಿರಿಯ ವೈದ್ಯರು ಪೋರ್ಟಬಲ್ ಎಕ್ಸ್-ರೇ ಯಂತ್ರ ತಂದರು. ಎಡಗಾಲಿನಲ್ಲಿ ಮೂಳೆ ಸ್ವಲ್ಪ ತಿರುಗಿತ್ತು. ಬಲಗಾಲಿನಲ್ಲಿ ಹತ್ತು ಡಿಗ್ರಿಯಷ್ಟು. ಹತ್ತು ಡಿಗ್ರಿ ಎಂದರೆ ಗಡಿ. ಅದರಿಂದ ಆಚೆ ಹೋದ ಕುದುರೆಗಳು ವಾಪಸು ಬರುವುದು ಕಷ್ಟ. ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಳೆಯ ತುದಿ ಅಂಗಾಲಿನ ಕಡೆ ಬಗ್ಗಿರುವುದು ಯಾರಿಗಾದರೂ ಕಾಣುವಂತಿತ್ತು.

ಮಂಜುನಾಥ ನನ್ನನ್ನು ಬೈಕುಗಳ ಕಡೆ ಕರೆದುಕೊಂಡು ಹೋದ. “ಮೇಡಂ, ಸ್ಟ್ರೈಟಾಗಿ ಹೇಳಿ. ಇವನು ಬದುಕ್ತಾನಾ? ಇಲ್ಲಾ ನಮ್ಮ ಸಮಾಧಾನಕ್ಕೆ ಅವನ ನೋವು ಎಳೀತಾ ಇದೀವಾ? ನಿದ್ದೆ ಇಂಜೆಕ್ಷನ್ ಕೊಡ್ಬೇಕು ಅಂದ್ರೆ ಅಮ್ಮಂಗೆ ನಾನೇ ಹೇಳ್ತೀನಿ.”

ಒಳ್ಳೆಯ ಪ್ರಶ್ನೆ. ಹುಡುಗನ ಬಗ್ಗೆ ಗೌರವ ಬಂತು. ಇದನ್ನು ಕೇಳುವ ಧೈರ್ಯ ಎಷ್ಟೋ ಜನಕ್ಕಿರುವುದಿಲ್ಲ. ಪ್ರಾಣಿ ನರಳುತ್ತದೆ, ಇವರು ಕಾಯುತ್ತಾರೆ.

“ಮೂಳೆ ಅಂಗಾಲು ದಾಟಿದ ದಿನ ನಾನೇ ಬಂದು ಹೇಳ್ತೀನಿ, ನೀನು ಕೇಳೋದೂ ಬೇಡ. ಇವತ್ತು ಆ ದಿನ ಅಲ್ಲ. ನಾನು ಹೇಳಿದ್ದು ಬಿಟ್ಟು ಬೇರೇನೂ ಬಾಯಿಗೆ ಹೋಗದಿದ್ರೆ ಇವನು ನಡೀತಾನೆ” ಎಂದೆ.

ಸುಮ್ಮನೆ ಧೈರ್ಯ ಹೇಳಿದ್ದಲ್ಲ. ಗುಂಡ ಹಗುರ ಜಾತಿ, ಅಂಗಾಲು ಇನ್ನೂ ಗಟ್ಟಿಯಿತ್ತು, ಕಣ್ಣಿನಲ್ಲಿ ಹೊಳಪಿತ್ತು. ಲಾಳ ಹೊಡೆಯುವ ನಜೀರ್ ಅವರನ್ನೂ ಕರೆಸಿದೆ. ಫಾರಂ ದಿನಗಳಿಂದ ನನಗೆ ಪರಿಚಯ. ಎಕ್ಸ್-ರೇ ನೋಡಿಕೊಂಡು, ಎಲ್ಲಿ ಎಷ್ಟು ತೆಗೆಯಬೇಕೆಂದು ಇಬ್ಬರೂ ಕೂತು ಗೆರೆ ಹಾಕಿದೆವು. ಹಿಮ್ಮಡಿ ತಗ್ಗಿಸಿ, ಮುಂದೆ ಉದ್ದವಾಗಿದ್ದ ಗೊರಸಿನ ಮೂತಿ ಮೊಂಡು ಮಾಡಿದರೆ, ಹೊಸದಾಗಿ ಇಳಿಯುವ ಗೊರಸು ಮೂಳೆಗೆ ಸರಿಯಾಗಿ ಅಂಟಿಕೊಂಡು ಬರುತ್ತದೆ. ಪೂರ್ತಿ ಗೊರಸು ಬದಲಾಗಲು ವರ್ಷದ ಹತ್ತಿರ ಬೇಕು. ಆಹಾರಕ್ಕೆ ದಿನಕ್ಕೆ ಮೂರು ಕೆ.ಜಿ. ಒಣಹುಲ್ಲು, ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಒಂದು ಚಮಚ ಖನಿಜದ ಪುಡಿ, ನೀರು. ಬೇರೇನೂ ಇಲ್ಲ. ಕ್ಯಾರೆಟ್ಟೂ ಇಲ್ಲ.

ಎರಡು ವಾರದಲ್ಲಿ ಗುಂಡ ಮರಳಿನ ಮೇಲೆ ತಾನಾಗಿ ಹೆಜ್ಜೆ ಎತ್ತಿಡುತ್ತಿದ್ದ. ನಾಡಿ ಇಳಿಯಿತು. ನಾನು ನೋವಿನ ಔಷಧಿ ಕಡಿಮೆ ಮಾಡುತ್ತಾ ಬಂದೆ. ನನ್ನ ಲೆಕ್ಕ ಸರಿಹೋಗುತ್ತಿದೆ ಎಂದು ಬೀಗುತ್ತಿದ್ದೆ ಎಂದರೂ ತಪ್ಪಲ್ಲ.

ಅದರ ಮುಂದಿನ ವಾರ, ಒಂದು ಸೋಮವಾರ ಹೋದಾಗ ಗುಂಡ ಮಲಗಿದ್ದ. ಎಬ್ಬಿಸಿದರೆ ಮೊದಲ ದಿನದ ಹಾಗೆಯೇ ಹಿಂದಕ್ಕೆ ವಾಲಿದ. ಗೊರಸು ಮತ್ತೆ ಬಿಸಿ. ಬಲಗಾಲಿನ ಪಟ್ಟಿ ಬಿಚ್ಚಿ ಅಂಗಾಲು ಒತ್ತಿದೆ. ಮಧ್ಯದಲ್ಲಿ ಉಬ್ಬಿತ್ತು, ಬೆರಳಿಗೆ ಮೆತ್ತಗೆ ತಗ್ಗುತ್ತಿತ್ತು. ಮೂಳೆಯ ತುದಿ ಅದರ ಹಿಂದೆಯೇ ಇತ್ತು. ಇನ್ನೊಂದು ಪೆಟ್ಟು ತಿಂದರೆ ಮಂಜುನಾಥನಿಗೆ ನಾನು ಹೇಳಿದ್ದ ದಿನ ಬಂದೇಬಿಡುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. “ಯಾರು ಹಾಕಿದ್ದು?” ಎಂದು ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದೆ. ಮಂಜುನಾಥ ನನಗಿಂತ ಜೋರಾಗಿ, ಮೇಲಿನ ಮಹಡಿಗಳ ಕಡೆ ತಲೆಯೆತ್ತಿ ಹುಡುಗರನ್ನು ಬೈಯತೊಡಗಿದ. ಅಡುಗೆಯವನನ್ನು ಕೂಗಿದ.

“ಯಾರ್ನೂ ಬೈಬ್ಯಾಡ ಮಂಜ” ಎಂದರು ಜಯಮ್ಮ. “ನಾನೇ ಆಕಿದ್ದು. ಮೂರ್ ದಿನದಿಂದ ಆಕ್ತಾ ಇವ್ನಿ. ಅನ್ನ, ಸಾರು, ಚಪಾತಿ.”

ನನಗೆ ಏನೇನೋ ಬೈಗುಳ ಬಾಯಿಗೆ ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಅವರು ಬಹಳ ಇಳಿದುಹೋಗಿದ್ದರು. ಸೆರಗಿನ ಒಳಗೆ ಭುಜದ ಮೂಳೆ ಎದ್ದು ಕಾಣುತ್ತಿತ್ತು. ಗುಂಡನ ಕಾಲನ್ನೇ ನೋಡುತ್ತಿದ್ದವಳು ಇದನ್ನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಅವರು ನಿಧಾನವಾಗಿ ಹೇಳಿದ್ದು ಇದು. ಮದುವೆಯಾಗಿ ಬಂದ ದಿನದಿಂದ ಅವರ ಮನೆಯಲ್ಲಿ ಒಂದೇ ಕಟ್ಟಳೆ. ಬಾಗಿಲಲ್ಲಿ ಕಟ್ಟಿದ ಪ್ರಾಣಿಗೆ ಹಾಕದೆ ಮನೆಯ ಹೆಂಗಸು ತುತ್ತು ಎತ್ತುವ ಹಾಗಿಲ್ಲ. ಕಾಫಿಯೂ ಅಷ್ಟೇ. ಹಸುಗಳಿದ್ದಷ್ಟು ದಿನ ಹಾಗೇ ನಡೆಯಿತು, ಗುಂಡ ಬಂದ ಮೇಲೂ ನಡೆಯಿತು. ಈಗ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹುಲ್ಲು. ಮಧ್ಯಾಹ್ನ ಅವರು ತಟ್ಟೆ ಇಟ್ಟುಕೊಂಡ ಸದ್ದಿಗೆ ಹಿತ್ತಲಿನಿಂದ ಗುಂಡ ಕೆನೆಯುತ್ತಾನೆ.

“ಅವನು ಕೂಗ್ತಾನೆ, ನಾನು ಉಣ್ಬೇಕಾ ಡಾಕ್ಟ್ರಮ್ಮ? ನಂಗೆ ತುತ್ತು ಇಳೀಲಿಲ್ಲ. ಎದ್ ಬಂದ್ಬುಡ್ತಿದ್ದೆ. ಎಷ್ಟ್ ದಿನ ಅಂತ ಎದ್ ಬರ್ಲಿ? ಮೂರ್ ದಿನದ ಇಂದೆ ತಡ್ಕಳಕ್ಕಾಗ್ದೆ, ನನ್ ತಟ್ಟೇನೆ ತಂದು ಅವನ ಮುಂದೆ ಇಕ್ದೆ. ಸತ್ರೂ ಉಂಡ್ಕಂಡ್ ಸಾಯ್ಲಿ, ಅಸ್ಕಂಡ್ ಸಾಯೋದು ಬ್ಯಾಡ ಅನ್ನಿಸ್ಬುಡ್ತು.”

ಹೇಳಿ ಮುಗಿಸಿ ಅತ್ತರು. ಇಷ್ಟು ವರ್ಷದ ನೌಕರಿಯಲ್ಲಿ ಪ್ರಾಣಿಯನ್ನು ಉಪವಾಸ ಕೆಡವಿದವರ ಮೇಲೆ ಕೂಗಾಡಿದ್ದು ಲೆಕ್ಕವಿಲ್ಲ. ಪ್ರಾಣಿ ಹಸಿದಿದೆ ಎಂದು ತಾವೂ ಉಪವಾಸ ಬಿದ್ದವರನ್ನು ಎದುರಿಗೆ ಕೂರಿಸಿಕೊಂಡಿದ್ದು ಅದೇ ಮೊದಲು.

ಆದರೆ ಅತ್ತು ಕೂತರೆ ಗೊರಸು ತಣ್ಣಗಾಗುವುದಿಲ್ಲ. ಐಸು ತರಲು ಕಳಿಸಿದೆ, ಇಂಜೆಕ್ಷನ್ ಕೊಟ್ಟೆ, ಹೊಸ ಥರ್ಮೋಕೋಲ್ ಕಟ್ಟಿದೆ. ಕೈ ಕೆಲಸ ಮಾಡುತ್ತಿದ್ದಾಗ ತಲೆಯೂ ಮಾಡಿತು. ಈ ಹೆಂಗಸಿಗೆ ಹಾಕಬೇಡಿ ಎಂದು ಹೇಳಿ ಉಪಯೋಗವಿಲ್ಲ. ಹಾಕದೆ ಇರಲು ಅವರಿಗೆ ಬರುವುದಿಲ್ಲ. ಹಾಗಿದ್ದರೆ ಹಾಕಲಿ.

“ದಿನಕ್ಕೆ ಎಷ್ಟು ಸಲ ಬಾಯಿಗೆ ಏನಾದರೂ ಹಾಕಿಕೊಳ್ತೀರಿ?” ಎಂದು ಕೇಳಿದೆ.

ಅವರು ಕಣ್ಣೊರೆಸಿಕೊಂಡು ಬೆರಳು ಮಡಚಿದರು. “ಬೆಳಿಗ್ಗೆ ಕಾಫಿ, ತಿಂಡಿ, ಮಧ್ಯಾಹ್ನದೂಟ, ಸಾಯಂಕಾಲ ಕಾಫಿ, ರಾತ್ರಿ ಮುದ್ದೆ.”

“ಸರಿ. ಅವನಿಗೂ ಐದು ಸಲ. ಮೂರು ಕೆ.ಜಿ. ಹುಲ್ಲನ್ನು ಐದು ಪಾಲು ಮಾಡಿ. ನೀವು ಕಾಫಿ ಕುಡಿಯುವ ಮೊದಲು ಅವನಿಗೊಂದು ಪಾಲು, ತಿಂಡಿ ತಿನ್ನುವ ಮೊದಲು ಇನ್ನೊಂದು. ಅವನು ಬಾಯಿ ಹಾಕಿದ ಮೇಲೆ ನೀವು ಕೂತ್ಕೊಳ್ಳಿ.”

“ಒಂದಿಡಿ ಆಕಿದ್ರೆ ಕಣ್ ಮುಚ್ಚಿ ತೆಗೆಯೋದ್ರಲ್ಲಿ ಮುಗಿಸ್ಬುಡ್ತಾನೆ. ಆಮೇಲೆ ಮತ್ತೆ ಕೂಗ್ತಾನಲ್ಲ?”

ಅದಕ್ಕೂ ದಾರಿಯಿತ್ತು. ಸಣ್ಣ ಕಣ್ಣಿನ ಬಲೆಯಲ್ಲಿ ಹುಲ್ಲು ತುಂಬಿ ತೂಗುಹಾಕಿದರೆ ಕುದುರೆ ಎಳೆ ಎಳೆಯಾಗಿ ಎಳೆದು ತಿನ್ನುತ್ತದೆ. ಹಿಡಿ ಹುಲ್ಲಿಗೆ ಬಹಳ ಹೊತ್ತು ಹಿಡಿಯುತ್ತದೆ. ಇಷ್ಟೇ ಹೇಳಿ ಬರಲಿಲ್ಲ. ಹುಲ್ಲನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ ಹಾಕುವುದನ್ನು ತೋರಿಸಿದೆ. ಒಣಹುಲ್ಲಿನಲ್ಲೂ ಸಕ್ಕರೆ ಇರುತ್ತದೆ. ನೆನೆಸಿದರೆ ಒಂದಷ್ಟು ನೀರಿಗಿಳಿಯುತ್ತದೆ. ಬಕೆಟ್ಟಿನಲ್ಲಿ ಇಳಿದ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಜಯಮ್ಮ ಬಗ್ಗಿ ನೋಡಿ, ಬೆರಳದ್ದಿ ನಾಲಿಗೆಗಿಟ್ಟುಕೊಂಡರು.

“ಇಷ್ಟೊಂದು ಸೀ ಇರ್ತದಾ ಉಲ್ನಾಗೆ!” ಎಂದರು. ಆ ನೀರು ನುಗ್ಗೆಗಿಡದ ಬುಡಕ್ಕೆ ಹೋಯಿತು. ಲ್ಯಾಮಿನೆ, ಇನ್ಸುಲಿನ್, ಡಿಗ್ರಿ ಎಂದು ನಾನು ಮೂರು ವಾರದಿಂದ ಹೇಳಿದ್ದು ಆ ಬೆರಳು ನಾಲಿಗೆಗೆ ಮುಟ್ಟಿದ ಕ್ಷಣದಲ್ಲಿ ಅವರಿಗೆ ಅರ್ಥವಾಯಿತು ಎಂದು ನನ್ನ ನಂಬಿಕೆ.

ಮಂಜುನಾಥ ತನ್ನ ಪಾಲಿನ ಕೆಲಸ ಮಾಡಿದ. ವಾಟ್ಸ್ಯಾಪ್ ಗುಂಪು ಮಾಡಿ, ಊಟಕ್ಕೆ ಇಲ್ಲದವರು ಹಿಂದಿನ ರಾತ್ರಿಯೇ ತಿಳಿಸಬೇಕೆಂದು ಕಟ್ಟುನಿಟ್ಟು ಮಾಡಿದ. ಮೊದಲ ವಾರ ಹುಡುಗರು ಜೋಕು ಹಾಕಿಕೊಂಡು ಕಾಲ ಕಳೆದರು, ಆಮೇಲೆ ದಾರಿಗೆ ಬಂದರು. ಮಿಕ್ಕುವ ಅನ್ನ ಕಡಿಮೆಯಾಯಿತು. ಆದರೂ ಉಳಿದದ್ದನ್ನು ಹತ್ತಿರದ ಹಳ್ಳಿಯಲ್ಲಿ ಎಂಟು ಹಸು ಕಟ್ಟಿದ್ದವರೊಬ್ಬರು ಕ್ಯಾನಿನಲ್ಲಿ ಒಯ್ಯತೊಡಗಿದರು. ಒಂದೇ ಹಸುವಿಗೆ ಸುರಿಯಬೇಡಿ ಎಂದು ಅವರಿಗೂ ನಾನು ಹೇಳಿ ಕಳಿಸಿದೆ.

ಬಲಗಾಲಿನ ಅಂಗಾಲು ಗಟ್ಟಿಯಾಗುವವರೆಗೆ ನಾನು ದಿನ ಬಿಟ್ಟು ದಿನ ಹೋದೆ. ಮೂಳೆ ದಾಟಲಿಲ್ಲ. ಡಿಸೆಂಬರಿನಲ್ಲಿ ನಜೀರ್ ಮತ್ತೊಮ್ಮೆ ಗೊರಸು ಕೆತ್ತಿದರು. ಸಂಕ್ರಾಂತಿಯ ನಂತರ ಮತ್ತೆ. ಮೇಲಿನಿಂದ ಹೊಸ ಗೊರಸು ಬೆರಳಗಲ ಇಳಿದಿತ್ತು, ನೇರವಾಗಿ, ನುಣ್ಣಗೆ. “ಮೇಡಂ, ಇದು ಒಳ್ಳೇ ಗೊರಸು ಬರ್ತಾ ಇದೆ, ಅಲ್ಲಾ ಕೈ ಬಿಡ್ಲಿಲ್ಲ” ಎಂದು ನಜೀರ್ ಉಗುರಿನಿಂದ ತಟ್ಟಿ ತೋರಿಸಿದರು. ಫೆಬ್ರವರಿಯ ಎಕ್ಸ್-ರೇಯಲ್ಲಿ ಮೂಳೆಗೂ ಹೊಸ ಗೊರಸಿಗೂ ನಡುವಿನ ಕೋನ ಅರ್ಧಕ್ಕಿಂತ ಕಡಿಮೆಯಾಗಿತ್ತು. ಗುಂಡನ ತೂಕ ನೂರ ಎಂಬತ್ತೈದಕ್ಕೆ ಬಂದಿತ್ತು. ಜಯಮ್ಮನ ಕೆನ್ನೆ ತುಂಬಿಕೊಂಡಿತ್ತು.

ಆ ಕೇಸಿನ ನಂತರ ನನ್ನ ಕೆಲಸದ ರೀತಿ ಒಂದು ವಿಷಯದಲ್ಲಿ ಬದಲಾಗಿದೆ. ಈಗ ಯಾರ ಪ್ರಾಣಿಗೆ ಪಥ್ಯ ಹೇಳುವುದಿದ್ದರೂ, ಅದಕ್ಕೆ ಊಟ ಹಾಕುವವರು ಯಾರು, ಅವರು ಯಾವಾಗ ಉಣ್ಣುತ್ತಾರೆ, ಯಾಕೆ ಹಾಕುತ್ತಾರೆ ಎಂದು ಮೊದಲು ಕೇಳುತ್ತೇನೆ. ಹದಿನಾಲ್ಕನೆಯ ಮಹಡಿಯ ಲ್ಯಾಬ್ರಡಾರಿಗೂ ಇದೇ ಪ್ರಶ್ನೆ. ಬೇಡ ಎಂದು ಬರೆದುಕೊಡುವುದು ಸುಲಭ. ಹಾಕುವ ಕೈಗೆ ಬದಲಿಗೆ ಏನು ಕೊಡುತ್ತೀರಿ ಎಂಬುದನ್ನು ನಮಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ಯುಗಾದಿಯ ಮಾರನೆಯ ದಿನ ಹೊಸತೊಡಕಿನ ಊಟಕ್ಕೆ ಜಯಮ್ಮ ನನ್ನನ್ನು ಕರೆದಿದ್ದರು. ನಾನು ಹೋದ ಸ್ವಲ್ಪ ಹೊತ್ತಿಗೆ ಅವರ ಗಂಡನ ಅಕ್ಕ ಮಾಲೂರಿನ ಕಡೆಯಿಂದ ಬಂದಿಳಿದರು. “ನಮ್ಮ ಸೋದರತ್ತೆ, ಈ ಜಾಗದಲ್ಲೇ ಹುಟ್ಟಿ ಬೆಳೆದವರು, ಎಪ್ಪತ್ತೈದರ ಮೇಲಾದ್ರೂ ಗಟ್ಟಿ ಹೆಂಗಸು” ಎಂದು ಮಂಜುನಾಥ ನನ್ನ ಕಿವಿಯಲ್ಲಿ ಹೇಳಿದ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಅವರು ಗುಂಡನನ್ನು ನೋಡಿ ಅಲ್ಲೇ ನಿಂತುಬಿಟ್ಟರು.

“ಏನೇ ಜಯಾ, ಇಂಗೆ ಒಣಗಾಕ್ಬುಟ್ಟಿದ್ದೀಯ? ಪಕ್ಕೆಲುಬು ಎಣಿಸ್ಬೋದಲ್ಲೇ! ನಮ್ಮಪ್ಪನ ಕಾಲ್ದಿಂದ ಈ ಬಾಗ್ಲಾಗೆ ಇಂತಾ ಪ್ರಾಣಿ ಕಟ್ಟಿದ್ದು ನಾನ್ ಕಂಡಿಲ್ಲ. ಬೀದೀಲಿ ಓಗೋರು ಏನಂತಾರೆ?”

ನಿಜ ಹೇಳಬೇಕೆಂದರೆ ಪಕ್ಕೆಲುಬು ಎಣಿಸುವಷ್ಟೇನೂ ಇರಲಿಲ್ಲ. ಕೈ ಇಟ್ಟರೆ ಸಿಗುತ್ತಿತ್ತು, ಅಷ್ಟೇ ಇರಬೇಕು. ನಾನು ಡಾಕ್ಟರಾಗಿ ಉತ್ತರ ಕೊಡಲು ಬಾಯಿ ತೆರೆದೆ. ಜಯಮ್ಮ ಕೈಯೆತ್ತಿ ನನ್ನನ್ನು ತಡೆದರು. ಚಪ್ಪರದೊಳಗೆ ಹೋಗಿ ಹಗ್ಗ ಬಿಚ್ಚಿ, ಗುಂಡನನ್ನು ಮರಳಿನಿಂದ ಕಾಂಕ್ರೀಟಿನ ಮೇಲೆ ಇಳಿಸಿದರು. ಬೈಕುಗಳ ಸಾಲಿನವರೆಗೆ ನಡೆಸಿಕೊಂಡು ಹೋಗಿ, ಅಲ್ಲಿ ಇಕ್ಕಟ್ಟಿನಲ್ಲಿ ಒಂದು ಸುತ್ತು ತಿರುಗಿಸಿ, ವಾಪಸು ತಂದು ಅತ್ತಿಗೆಯ ಮುಂದೆ ನಿಲ್ಲಿಸಿದರು. ಅವನು ಎಲ್ಲೂ ಕಾಲು ಎಳೆಯಲಿಲ್ಲ. ನಾಲ್ಕು ಕಾಲಿಗೂ ಸಮನಾಗಿ ಭಾರ ಬಿಟ್ಟು, ನೊಣ ಓಡಿಸುತ್ತಾ ನಿಂತ.

“ಎಣಿಸ್ಕಳಿ ಅತ್ತಿಗೆ” ಎಂದರು ಜಯಮ್ಮ. “ನಿಂತವ್ನಲ್ಲ, ನಿಧಾನಕ್ಕೆ ಎಣಿಸ್ಕಳಿ.”